ನಾಲ್ಕನೇ ಸ್ಟಾಪಿನವರೆಗೆ ವ್ಯಾಯಾಮ

ಲಾಕ್‌ಡೌನ್ ದಿನಗಳೆಂದರೆ ನನಗೆ ಈಗಲೂ ನೆನಪಾಗುವುದು ಪಕ್ಕದ ಮನೆಯ ನಿವೃತ್ತ ಕಂಡಕ್ಟರ್ ಮಾಮನ ಸೈಕಲ್ ಬೆಲ್ಲು. ವ್ಯಾಯಾಮಕ್ಕೆ ಮನೆಯ ಹತ್ತಿರ ಓಡಾಡಬಹುದು ಎಂದು ಸರ್ಕಾರ ಹೇಳಿತ್ತು. ಹತ್ತಿರ ಎಂದರೆ ಎಷ್ಟು ಎಂದು ನಾವಿಬ್ಬರೂ ಕಾಂಪೌಂಡ್ ಗೋಡೆಯ ಆಚೀಚೆ ನಿಂತು ದಿನವೂ ಚರ್ಚಿಸುತ್ತಿದ್ದೆವು. ಕಿಲೋಮೀಟರ್ ಲೆಕ್ಕ ಅವರಿಗೆ ಆಗಿಬರುತ್ತಿರಲಿಲ್ಲ. "ನೋಡಪ್ಪಾ, ಮೂರನೇ ಸ್ಟಾಪಿನವರೆಗೆ ಹೋದ್ರೆ ವ್ಯಾಯಾಮ, ಅದು ದಾಟಿದ್ರೆ ಪ್ರಯಾಣ" ಎಂದು ತೀರ್ಪು ಕೊಟ್ಟು, ಮಾಸ್ಕ್ ಏರಿಸಿ, ಹತ್ತುವವರು ಯಾರೂ ಉಳಿದಿಲ್ಲವೆಂದು ಒಮ್ಮೆ ಹಿಂತಿರುಗಿ ನೋಡಿಯೇ ಪೆಡಲ್ ತುಳಿಯುತ್ತಿದ್ದರು. ಬಸ್ಸೇ ಬಾರದ ಒಂದೊಂದು ಸ್ಟಾಪಿನಲ್ಲೂ ಕಾಲೂರಿ ನಿಂತು, ಖಾಲಿ ಬೆಂಚಿಗೆ "ಬೇಗ, ಬೇಗ" ಎಂದು ಗದರಿ, ಎರಡು ಸಲ ಬೆಲ್ ಹೊಡೆದು ಹೊರಡುತ್ತಿದ್ದರು. ಅಡ್ಡ ಬಂದ ಪೊಲೀಸರಿಗೂ "ಬಾಗಿಲಲ್ಲಿ ನಿಲ್ಬೇಡಿ, ಮುಂದೆ ಹೋಗಿ" ಅಂದಿದ್ದರಂತೆ. ಆದರೆ ತೀರ್ಪು ಕೊಟ್ಟವರೇ ದಿನಾ ನಾಲ್ಕನೇ ಸ್ಟಾಪು ಮುಟ್ಟಿ ಬರುತ್ತಿದ್ದರು. "ಇದು ಪ್ರಯಾಣ ಆಯ್ತಲ್ಲ ಮಾಮ?" ಎಂದು ಒಂದು ದಿನ ಹಿಡಿದೇಬಿಟ್ಟೆ. ಮಾಮ ಹ್ಯಾಂಡಲ್ ಒರೆಸುತ್ತಾ ಹೇಳಿದರು: "ಅಲ್ಲಿ ನಮ್ಮ ಡ್ರೈವರ್ ಮನೆ ಕಣಪ್ಪಾ. ಹೆಂಡ್ತಿ ಹೋದ ಮೇಲೆ ಹಾಸಿಗೆಯಿಂದ ಏಳೋದನ್ನೇ ಬಿಟ್ಟಿದ್ದ. ಇಪ್ಪತ್ತೆಂಟು ವರ್ಷ ನಾನು ರೈಟ್ ಅನ್ನದೆ ಗಾಡಿ ಬಿಟ್ಟವನಲ್ಲ ಅವನು. ಈಗ ಕಿಟಕಿ ಕೆಳಗೆ ಎರಡು ಸಲ ಬೆಲ್ ಹೊಡೀತೀನಿ, ಎದ್ದು ಕೂರ್ತಾನೆ."