ಆಟಿ ಕಳೆದ ಮೇಲೆ ಬಂದ ಬಯಕೆ

ನಮ್ಮ ಕಾರ್ಖಾನೆಗೆ ಕಾನೂನು ಬಂದದ್ದು ಒಂದು ಹಲಗೆಯಾಗಿ. ಉಪ್ಪಳದ ಹೊಳೆಬದಿಯ ಹಂಚಿನ ಕಾರ್ಖಾನೆ ಅದು. ಯುದ್ಧ ಮುಗಿದರೂ ರೇಶನ್ ಅಕ್ಕಿಯ ಸಾಲು ಮುಗಿಯದ ಕಾಲ, ನಾವಿನ್ನೂ ಮದರಾಸು ಸರಕಾರದ ಕೆಳಗಿದ್ದೆವು. ಮಂಗಳೂರಿನಿಂದ ಇನ್‌ಸ್ಪೆಕ್ಟರು ಬಂದು ಹೋದ ಮೇಲೆ ಧನಿಗಳು ಗೇಟಿನ ಒಳಗೆ, ಎಲ್ಲರಿಗೂ ಕಾಣುವ ಹಾಗೆ, ಹೆರಿಗೆಯ ಕಾನೂನಿನ ಹಲಗೆ ತೂಗುಹಾಕಿಸಿದರು. ಅದಕ್ಕೆ ಚಂದದ ಚೌಕಟ್ಟು ಬೇರೆ. ನಮ್ಮ ಧನಿಗಳು ಕಾನೂನು ಮೀರಿದವರಲ್ಲ. ತೂಗುಹಾಕಬೇಕು ಅಂದರು, ತೂಗುಹಾಕಿದರು.

ಹಸಿ ಹಂಚು ಹೊರುವ ಹೆಂಗಸರಲ್ಲಿ ಕನ್ನಡ ಶಾಲೆಗೆ ಹೋದವಳು ನಾನೊಬ್ಬಳೇ. ಐದನೇ ಕ್ಲಾಸು. ಆ ಐದು ಕ್ಲಾಸಿಗೇ ನನ್ನ ಕೊಂಬು ಮನೆಯ ಮಾಡಿಗೆ ತಾಗುತ್ತದೆ ಅಂತ ಅತ್ತಿಗೆ ತಮಾಷೆ ಮಾಡುತ್ತಿದ್ದಳು. ಅತ್ತಿಗೆ ಅಂದರೆ ನನ್ನ ಅಣ್ಣನ ಹೆಂಡತಿ. ಅಣ್ಣ ತೆಂಗಿನ ಮರದಿಂದ ಬಿದ್ದು ಸೊಂಟ ಕಳಕೊಂಡು ಮನೆಯಲ್ಲೇ ಇದ್ದ. ನಾವಿಬ್ಬರು ದುಡಿದರೆ ಮೂವರಿಗೂ ಗಂಜಿ, ಇಲ್ಲದಿದ್ದರೆ ಇಲ್ಲ.

ಮಧ್ಯಾಹ್ನ ಗಂಜಿಗೆ ಕೂತಾಗ ಹಲಗೆಯಲ್ಲಿದ್ದದ್ದನ್ನು ತುಳುವಿಗೆ ತಿರುಗಿಸಿ ಎಲ್ಲರಿಗೂ ಹೇಳಿದೆ. ಹೆರುವ ಹೆಂಗಸಿಗೆ ಹೆರಿಗೆಯ ಮೊದಲೂ ಆಮೇಲೂ ಕೆಲವು ವಾರ ರಜೆ ಉಂಟು. ರಜೆಯಲ್ಲೂ ಧನಿಗಳು ಕೂಲಿ ಕೊಡಬೇಕು. ಕಡೆಯ ತಿಂಗಳು ಹಿಡಿದಾಗ ಅವಳು ಧನಿಗಳಿಗೆ ತಿಳಿಸಬೇಕು. ತಿಳಿಸಿ ರಜೆ ಹೋದವಳನ್ನು ಕೆಲಸದಿಂದ ತೆಗೆಯುವ ಹಾಗಿಲ್ಲ.

ಹೆಂಗಸರು ಬಿದ್ದು ಬಿದ್ದು ನಕ್ಕರು. "ಮಲಗಿದವಳಿಗೆ ಕೂಲಿಯಾ? ಸರಿಯಾಗಿ ಓದು ಮಾರಾಯ್ತಿ!" ಅಂದಳು ಒಬ್ಬಳು. ಅತ್ತಿಗೆ ನಗಲಿಲ್ಲ. ಸಂಜೆ ಮನೆಗೆ ಹೊರಟಾಗ ಹಲಗೆಯ ಮುಂದೆ ನಿಂತು, "ಇನ್ನೊಮ್ಮೆ ಓದು" ಅಂದಳು. ಓದಿದೆ. ಅವಳಿಗೆ ತಿಂಗಳು ನಿಂತಿದೆ ಅಂತ ನನಗೆ ಗೊತ್ತಾದದ್ದು ಆಗ.

ಅವಳ ಮೊದಲ ಮಗು ಉಳಿದಿರಲಿಲ್ಲ. ನೋವು ಬರುವವರೆಗೂ ಹಂಚು ಹೊತ್ತಿದ್ದಳು, ಹುಟ್ಟಿದ ಮಗು ಅಳಲೇ ಇಲ್ಲ. ಇನ್ನೊಮ್ಮೆ ಬಸುರಿಯಾದರೆ ಕಡೆಯ ತಿಂಗಳು ಚಾಪೆ ಬಿಟ್ಟು ಏಳಬೇಡ ಅಂತ ಸೂಲಗಿತ್ತಿ ಬೈದು ಹೇಳಿದ್ದಳು. ಚಾಪೆಯಲ್ಲಿ ಮಲಗಿದರೆ ಗಂಜಿ ಯಾರು ಕೊಡುತ್ತಾರೆ? ಈಗ ಹಲಗೆ ಕೊಡುತ್ತೇನೆ ಅನ್ನುತ್ತಿತ್ತು. "ನನಗೆ ಬೇರೆ ಎಂತದ್ದೂ ಬೇಡ. ಆ ಒಂದು ತಿಂಗಳು ಮಲಗಬೇಕು. ಮಲಗಿದರೆ ಮಗು ಉಳಿಯುತ್ತದೆ" ಅಂದಳು ಅತ್ತಿಗೆ.

ಆದರೆ ತಿಳಿಸುವ ಮೊದಲೇ ತೆಗೆದುಹಾಕಿದರೆ ಎಂತ ಮಾಡುವುದು ಅಂತ ಹಲಗೆಯಲ್ಲಿ ಬರೆದಿರಲಿಲ್ಲ. ಮೊದಲೆಲ್ಲ ಹೆತ್ತವರು ಮೈ ಗಟ್ಟಿಯಾದ ಮೇಲೆ ಬಂದರೆ ಧನಿಗಳು ಮರಳಿ ಸೇರಿಸಿಕೊಳ್ಳುತ್ತಿದ್ದರು. ಹಲಗೆ ಬಂದ ಮೇಲೆ ಹೊಟ್ಟೆ ಕಂಡ ಇಬ್ಬರನ್ನು ಮೇಸ್ತ್ರಿ "ಈಗ ಕೆಲಸ ಕಡಿಮೆ" ಅಂತ ಮನೆಗೆ ಅಟ್ಟಿದ. ಅವನ ಬಾಯಿಗೆ ಮಣ್ಣು ಬೀಳಲಿ, ಕೆಲಸ ಏನೂ ಕಡಿಮೆ ಇರಲಿಲ್ಲ. ಹಾಗಾಗಿ ಕಡೆಯ ತಿಂಗಳು ಹಿಡಿಯುವವರೆಗೆ ಹೊಟ್ಟೆ ಮುಚ್ಚಿಡುವುದು ಅಂತ ನಾವು ನಿಶ್ಚಯಿಸಿದೆವು. ಅತ್ತಿಗೆ ದಿನಾ ಬೆಳಿಗ್ಗೆ ಹೊಟ್ಟೆಗೆ ಅಣ್ಣ ಮೈ ಒರೆಸುವ ಬೈರಾಸು ಬಿಗಿದು, ಅದರ ಮೇಲೆ ಸೀರೆ ಉಟ್ಟು ಬರುತ್ತಿದ್ದಳು. ಜೊತೆಯವರಿಗೆ ಗೊತ್ತಾಗದೆ ಇರುತ್ತದಾ? ಗೊತ್ತಾಯಿತು. ಯಾರೂ ಬಾಯಿ ಬಿಡಲಿಲ್ಲ. ಮೇಸ್ತ್ರಿ ಬೀಡಿ ಎಳೆಯಲು ಆಚೆ ಹೋದರೆ ಅವಳ ತಲೆಯ ಹಂಚು ಮತ್ತೊಬ್ಬಳ ತಲೆಗೆ ದಾಟುತ್ತಿತ್ತು.

ಹೇಳದೆ ಉಳಿದದ್ದು ಒಬ್ಬರಿಗೆ ಮಾತ್ರ, ವರ್ಕಾಡಿಯಲ್ಲಿದ್ದ ಅತ್ತಿಗೆಯ ಅಮ್ಮನಿಗೆ. ಬಸುರಿ ಅಂತ ಗೊತ್ತಿತ್ತು, ಮುಚ್ಚಿಡುವ ಸಂಗತಿ ಗೊತ್ತಿರಲಿಲ್ಲ. ಒಳ್ಳೆಯ ಜೀವ. ಆದರೆ ಮಾತು ಅವರ ಹೊಟ್ಟೆಯಲ್ಲಿ ನಿಲ್ಲುವುದಲ್ಲ, ದಾರಿಯಲ್ಲಿ ಸಿಕ್ಕ ದನಕ್ಕೂ ಹೇಳುವವರು. ಏಳು ತುಂಬುವಾಗ ಬಯಕೆ ಮಾಡಬೇಕು ಅಂತ ಅವರದ್ದು ಒಂದೇ ಹಟ. ಬಸುರಿಗೆ ತವರಿನವರು ಹೂ ಮುಡಿಸಿ, ಬಳೆ ತೊಡಿಸಿ, ಬೇಕಾದ್ದು ತಿನ್ನಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಅಂತ ನಮ್ಮಲ್ಲಿ ನಂಬಿಕೆ. ಬಯಕೆ ಮಾಡಿದರೆ ಊರಿಗೆಲ್ಲ ಸುದ್ದಿ, ಊರಿಗಾದದ್ದು ಮೇಸ್ತ್ರಿಗೂ ಆಯಿತು. ಅತ್ತಿಗೆ ಉಪಾಯ ಹುಡುಕಿದಳು. "ಈಗ ಆಟಿ ತಿಂಗಳಲ್ಲವಾ ಅಮ್ಮಾ? ಆಟಿಯಲ್ಲಿ ಶುಭಕಾರ್ಯ ಮಾಡುತ್ತಾರಾ? ಆಟಿ ಕಳೆಯಲಿ" ಅಂದಳು. ಆಟಿಯ ಮಾತಿಗೆ ಅವರು ಎದುರಾಡಲಿಲ್ಲ.

ಆಟಿ ಕಳೆದು ಸೋಣ ತಿಂಗಳು ಬಂತು. ಕಡೆಯ ತಿಂಗಳು ಹಿಡಿಯಲು ಕೆಲವೇ ದಿನ ಇತ್ತು. ಧನಿಗಳ ಹತ್ತಿರ ಹೇಗೆ ಮಾತಾಡುವುದು ಅಂತ ನಾನು ಮನೆಯಲ್ಲಿ ಅಣ್ಣನನ್ನೇ ಧನಿ ಮಾಡಿ ಕೂರಿಸಿ ಅತ್ತಿಗೆಗೆ ಕಲಿಸುತ್ತಿದ್ದೆ. ಅಣ್ಣ ಮೀಸೆ ತಿರುವಿ, "ಎಂತ, ರಜೆಯಾ?" ಅನ್ನುತ್ತಿದ್ದ. ನಮ್ಮ ಮನೆಯಲ್ಲಿ ಅಷ್ಟು ನಗು ಮತ್ತೆ ಆದದ್ದಿಲ್ಲ.

ಒಂದು ಶುಕ್ರವಾರ ಬೆಳಿಗ್ಗೆ ನಾವು ಹಂಚು ಜೋಡಿಸುತ್ತಿದ್ದಾಗ ಗೇಟಿನಲ್ಲಿ ಸ್ವರ ಕೇಳಿತು. ಅತ್ತಿಗೆಯ ಅಮ್ಮ. ತಲೆಯಲ್ಲಿ ಬುಟ್ಟಿ, ಕಾಲಿಗೆಲ್ಲ ಕೆಸರು. ವರ್ಕಾಡಿಯಿಂದ ನಡೆದೇ ಬಂದಿದ್ದರು. ಮನೆಗೆ ಹೋದರೆ ಅಣ್ಣ ಒಬ್ಬನೇ ಇದ್ದ, ಸಂಜೆಯವರೆಗೆ ಕಾಯಿರಿ ಅಂದನಂತೆ. ಹೂ ಬಾಡುತ್ತದಲ್ಲ!

"ನನ್ನ ಮಗಳಿಗೆ ಬಯಕೆ ತಂದಿದ್ದೇನೆ ಮೇಸ್ತ್ರಿಗಳೇ, ಒಮ್ಮೆ ಕರೆಯಿರಿ" ಅಂದರು, ಬಾಯಿ ತುಂಬ ನಗುತ್ತಾ.

ಅಯ್ಯೋ ದೇವರೇ. ಅತ್ತಿಗೆ ನಿಂತಲ್ಲೇ ನಿಂತಳು. ಅಮ್ಮ ಒಳಗೆ ಬಂದವರೇ ಅವಳನ್ನು ಹಂಚಿನ ರಾಶಿಯ ಮೇಲೆ ಕೂರಿಸಿ, ಬಾಳೆಯೆಲೆ ಬಿಚ್ಚಿ, ಜಾಜಿ ಮುಡಿಸಿದರು. ಸೊಂಟಕ್ಕೆ ಕೈ ಹಾಕಿದಾಗ ಬಿಗಿದ ಬೈರಾಸು ಸಿಕ್ಕಿತು. "ಇದೆಂತ ಮಗಾ, ಇಷ್ಟು ಬಿಗಿದಿದ್ದೀ? ಒಳಗಿರುವ ಮಗು ಉಸಿರಾಡುವುದು ಬೇಡವಾ?" ಅಂತ ತಾವೇ ಗಂಟು ಬಿಚ್ಚಿ ತೆಗೆದರು. ಹೊಟ್ಟೆ ಎಲ್ಲರ ಕಣ್ಣಿಗೂ ಬಿತ್ತು. ಧನಿಗಳು ಆಫೀಸಿನ ಜಗಲಿಯಲ್ಲಿ ನಿಂತು ನೋಡುತ್ತಿದ್ದರು.

ಧನಿಗಳು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ಅವರು ಮನೆಗೆ ಆಳು ಕಳಿಸಿ ಹರಿವಾಣ ತರಿಸಿದರು. ಹಸಿರು ಬಳೆ, ರವಕೆ ಕಣ, ತೆಂಗಿನಕಾಯಿ, ವೀಳ್ಯ. ಅತ್ತಿಗೆಯನ್ನು ಕರೆದು, "ಹೆರಿಗೆ ಸುಖವಾಗಲಿ ಮಗಾ. ನಾಳೆಯಿಂದ ಬರುವುದು ಬೇಡ. ಸಂತೋಷದಲ್ಲಿ ಹೋಗು" ಅಂದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದುಬಿಟ್ಟರು. ನಾನು "ಧನಿಗಳೇ, ಹಲಗೆಯಲ್ಲಿ..." ಅಂತ ಬಾಯಿ ತೆರೆದೆ. ಅತ್ತಿಗೆ ನನ್ನ ಕೈ ಹಿಡಿದು ಹಿಂಡಿದಳು. ಪಕ್ಕದಲ್ಲಿ ಅವಳ ಅಮ್ಮ ಕೈ ಮುಗಿದು, ಕಣ್ಣು ತುಂಬಿಕೊಂಡು ನಿಂತಿದ್ದರು. "ಎಂಥ ಧನಿಗಳು! ನಿನ್ನ ಪುಣ್ಯ ಮಗಾ. ಕಾಲಿಗೆ ಬೀಳು" ಅಂದರು.

ಅತ್ತಿಗೆ ಬಿದ್ದಳು. ಆ ಹೊಟ್ಟೆಯಲ್ಲಿ ಬಗ್ಗುವುದು ಕಷ್ಟ, ನಾನು ತೋಳು ಹಿಡಿದುಕೊಂಡೆ.

ಮರುದಿನ ನಾನೊಬ್ಬಳೇ ಹೋಗಿ ಕೇಳಿದೆ. ಧನಿಗಳು ಕಣ್ಣೆತ್ತದೆ, "ತಿಳಿಸುವ ಮೊದಲೇ ಕೆಲಸ ಬಿಟ್ಟವಳಿಗೆ ಎಂತದ್ದು ಕೊಡುವುದು? ಅವಳೇ ಹರಿವಾಣ ತೆಗೆದುಕೊಂಡು ಹೋದದ್ದನ್ನು ಎಲ್ಲರೂ ನೋಡಿದ್ದಾರೆ. ನಿನಗೂ ಕೆಲಸ ಬೇಡವಾ?" ಅಂದರು. ಊರಲ್ಲಿ ನನ್ನ ನಾಲಿಗೆಗೆ ಹೆದರದವರಿಲ್ಲ. ಆದರೆ ಮನೆಯಲ್ಲಿ ಉಳಿದದ್ದು ನನ್ನೊಬ್ಬಳ ಕೂಲಿ. ಹೋಗಿ ಹಂಚು ಹೊತ್ತೆ.

ಅತ್ತಿಗೆ ಚಾಪೆಯಲ್ಲಿ ಮಲಗಲಿಲ್ಲ. ನಾನೆಷ್ಟು ಜಗಳ ಮಾಡಿದರೂ ಕೇಳದೆ ಹೊಳೆಯಲ್ಲಿ ದೋಣಿಯಿಂದ ಹೊಯ್ಗೆ, ಅಂದರೆ ಮರಳು, ಇಳಿಸುವ ಕೆಲಸಕ್ಕೆ ಹೋದಳು. ಒದ್ದೆ ಹೊಯ್ಗೆ ಹಂಚಿಗಿಂತ ಭಾರ. ಹಸಿರು ಬಳೆ ಒಂದೊಂದಾಗಿ ಬುಟ್ಟಿಯ ಅಂಚಿಗೆ ತಾಗಿ ಒಡೆದವು. ಸೋಣ ಮುಗಿಯುವ ಮೊದಲೇ ನೋವು ಬಂತು. ಹೆಣ್ಣು ಮಗು. ಅದೂ ಅಳಲಿಲ್ಲ.

ಕೆಲವು ವಾರದ ಮೇಲೆ ಇನ್‌ಸ್ಪೆಕ್ಟರು ಮತ್ತೆ ಬಂದರು. ಧನಿಗಳು ಹಲಗೆಯ ಧೂಳು ಒರೆಸಿ ಇಡಿಸಿದ್ದರು. ಇನ್‌ಸ್ಪೆಕ್ಟರು ಅದನ್ನು ನೋಡಿ, ತಲೆ ಆಡಿಸಿ, ಎಳನೀರು ಕುಡಿದು ಹೋದರು. ಹೇಳಬೇಕಿತ್ತು ಅನ್ನುತ್ತೀರಾ? ಮೇಸ್ತ್ರಿ ನನ್ನ ಪಕ್ಕದಲ್ಲೇ ನಿಂತಿದ್ದ.

ಅತ್ತಿಗೆಯ ಅಮ್ಮ ಆ ಹೆರಿಗೆಗೆ ಬಂದವರು ಮಗಳ ಹತ್ತಿರವೇ ಉಳಿದಿದ್ದರು. ಒಂದು ಸಂಜೆ ಗಂಜಿ ಬೇಯುತ್ತಿತ್ತು, ಅತ್ತಿಗೆ ಗೋಡೆಗೆ ಒರಗಿ ಕೂತಿದ್ದಳು. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಮ್ಮೆಲೇ ಅಳಲು ಸುರುಮಾಡಿದರು.

"ಎಲ್ಲ ನನ್ನಿಂದಲೇ ಆದದ್ದು ಮಗಾ. ಆಟಿ ಆಟಿ ಅಂತ ಕಾದೆ. ನಿನ್ನ ಬಯಕೆ ತಡವಾಯಿತು. ಆಟಿಯಲ್ಲೇ ತಂದಿದ್ದರೆ ಮಗು ಉಳಿಯುತ್ತಿತ್ತು."

ನಾನು ಒಲೆಯ ಹತ್ತಿರದಿಂದ ತಿರುಗಿದೆ. ಅತ್ತಿಗೆ ನನ್ನನ್ನು ನೋಡಿದಳು, ಬಾಯಿ ತೆರೆಯಬೇಡ ಅನ್ನುವ ಹಾಗೆ. ಆಮೇಲೆ ತೆವಳಿಕೊಂಡು ಅಮ್ಮನ ಹತ್ತಿರ ಹೋಗಿ, ಅವರ ಕೈ ಬಿಡಿಸಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು.

"ಇಲ್ಲಮ್ಮಾ" ಅಂದಳು. "ನೀನು ಬಂದದ್ದು ಸರಿಯಾದ ಹೊತ್ತಿಗೇ."