ತಕ್ಕಡಿಯಲ್ಲಿ ಕೂತ ಅತ್ತೆ

ಮೆಂತ್ಯ ಮೈ ತುಂಬಿಸುತ್ತದೋ ಕರಗಿಸುತ್ತದೋ ಎಂದು ಈಗಲೂ ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಸಿಟ್ಟು ಕೇಳಿದವರ ಮೇಲಲ್ಲ, ಈ ವಯಸ್ಸಿಗೂ ಉತ್ತರ ಗೊತ್ತಿಲ್ಲದ ನನ್ನ ಮೇಲೆ. ಹುಟ್ಟಿದ್ದು ಬಳೇಪೇಟೆಯ ಗ್ರಂಧಿಗೆ ಅಂಗಡಿಯವರ ಮನೆಯಲ್ಲಿ. ಬೇರು, ತೊಗಟೆ, ಒಣಕಾಯಿ, ಮಸಾಲೆ ಮಾರುವ ಅಂಗಡಿ ಮುಂದೆ, ನಾವಿದ್ದ ಮನೆ ಹಿಂದೆ. ನನ್ನ ಲಂಗ ಎಷ್ಟು ಒಗೆದರೂ ಒಣಶುಂಠಿಯ ಘಾಟು ಬಿಡುತ್ತಿರಲಿಲ್ಲ. ಅಂಥವಳಿಗೇ ಗೊತ್ತಿಲ್ಲ ಅಂದರೆ ಯಾರು ನಂಬುತ್ತಾರೆ?

ಅಂಗಡಿಯಲ್ಲಿ ಕೂರುತ್ತಿದ್ದವರು ನನ್ನ ತಾತ. ಪಕ್ಕದ ಗೋಣಿಚೀಲದ ಮೇಲೆ ನಾನು. ಒಂದೇ ಡಬ್ಬದ ಮೆಂತ್ಯವನ್ನು ತಾತ ಬಾಣಂತಿಗೂ ಕಟ್ಟಿಕೊಡುತ್ತಿದ್ದರು, ಬೊಜ್ಜು ಕರಗಬೇಕೆಂದು ಬಂದವರಿಗೂ ಕಟ್ಟಿಕೊಡುತ್ತಿದ್ದರು. "ಅದ್ಹೇಗೆ ತಾತ?" ಅಂದರೆ, "ಮೆಂತ್ಯ ಅದೇ ಕಣಮ್ಮ, ಅದರ ಜೊತೆ ಹೋಗೋದು ಬೇರೆ. ತುಪ್ಪ ಬೆಲ್ಲದ ಜೊತೆ ಹೋದ್ರೆ ಮೈ ಕಟ್ಟತ್ತೆ. ಜೇನು, ಬಿಸಿನೀರಿನ ಜೊತೆ ಹೋದ್ರೆ ಕರಗಿಸತ್ತೆ" ಅನ್ನುತ್ತಿದ್ದರು. ನನಗೆ ಅರ್ಥವಾಗುತ್ತಿರಲಿಲ್ಲ. ಅರ್ಥವಾದವಳಂತೆ ತಲೆಯಾಡಿಸುತ್ತಿದ್ದೆ.

ಸಣ್ಣಗಾಗುವ ಪುಡಿ ಕೇಳಿಕೊಂಡು ಬಂದವರಿಗೆ ಮಾತ್ರ ತಾತ ಮೊದಲು ಒಂದು ಪ್ರಶ್ನೆ ಹಾಕುತ್ತಿದ್ದರು. "ಬಚ್ಚಲಿಗೆ ಇರುವೆ ಮುತ್ತತ್ತಾ?" ಗಂಡಸರು ಪೆಚ್ಚಾಗಿ ನಗುತ್ತಿದ್ದರು, ಹೆಂಗಸರು ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಹೌದು ಅಂದವರಿಗೆ ಪುಡಿಯಿಲ್ಲ. "ಮೂತ್ರದಲ್ಲಿ ಸಕ್ಕರೆ ಹೋಗ್ತಿದೆ, ಇದು ಸಕ್ಕರೆ ಕಾಯಿಲೆ, ಡಾಕ್ಟರ್ ಹತ್ರ ಹೋಗಿ" ಎಂದು ಕಳಿಸಿಬಿಡುತ್ತಿದ್ದರು. ವ್ಯಾಪಾರ ಕೆಡಿಸಿಕೊಳ್ಳುವ ಮುದುಕ ಎಂದು ಮನೆಯಲ್ಲಿ ಬೈಗುಳ. ನನಗೆ ಆ ಪ್ರಶ್ನೆ ಕೇಳಿದರೆ ಸಾಕು, ನಗು ತಡೆಯಲಾಗುತ್ತಿರಲಿಲ್ಲ.

ಐವತ್ತರ ದಶಕದ ಮೊದಲಲ್ಲಿ, ಹದಿನೆಂಟು ತುಂಬಿದ ಮೇಲೆ, ಚಾಮರಾಜಪೇಟೆಗೆ ಸೊಸೆಯಾಗಿ ಬಂದೆ. ಮಾವನವರಿಗೆ ತರಗುಪೇಟೆಯಲ್ಲಿ ಬೇಳೆ ಮಂಡಿ. ನನ್ನವರು ಅಲ್ಲೇ ಅಪ್ಪನ ಜೊತೆ. ಮನೆಯಲ್ಲಿ ಅತ್ತೆಯದೇ ದರ್ಬಾರು. ದೊಡ್ಡ ಮೈ, ಅದಕ್ಕಿಂತ ದೊಡ್ಡ ದನಿ. ಬಂದ ಆರು ತಿಂಗಳು ನನ್ನನ್ನು ಹೆಸರು ಹಿಡಿದೂ ಕರೆಯಲಿಲ್ಲ, ಮಗಳೇ ಎಂದೂ ಅನ್ನಲಿಲ್ಲ. "ಏನಮ್ಮ" ಅಷ್ಟೇ. ನಾನು ಮಾಡಿದ ಸಾರಿಗೆ ಉಪ್ಪು ಸರಿಯಿದ್ದರೆ ಮಾತಿಲ್ಲ, ಇಲ್ಲದಿದ್ದರೆ ಮಾತೋ ಮಾತು.

ಆದರೆ ಬೆಳಿಗ್ಗೆ ಪೂಜೆಯ ಹೊತ್ತಿಗೆ ಆ ದನಿ ಇಳಿದುಹೋಗುತ್ತಿತ್ತು. ಮನೆಯವರೆಲ್ಲ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತರೆ, ಅತ್ತೆ ಒಬ್ಬರೇ ಮರದ ಸ್ಟೂಲಿನ ಮೇಲೆ. ಮಂಡಿ ಮಡಿಸಲಾಗುತ್ತಿರಲಿಲ್ಲ. ಒಂದು ದಿನ ವಿಭೂತಿ ಬಟ್ಟಲು ಕೊಡಲು ಹೋದಾಗ ಅವರೇ ಅಂದರು, "ಶಿವನನ್ನ ಅಂಗೈಯಲ್ಲಿಟ್ಕೊಂಡು ನಾನು ಸ್ಟೂಲ್ ಮೇಲೆ ಕೂರೋದೇ? ಪರೀಕ್ಷೆಗೆ ಮೇಷ್ಟ್ರು ಕೂತ ಹಾಗೆ! ಒಂದು ವರ್ಷ ನೆಲದ ಮೇಲೆ ಕೂತು ಪೂಜೆ ಮಾಡಿ ಸತ್ರೆ ಸಾಕಾಗಿದೆ." ಅಂಥ ಹೆಂಗಸಿನ ಕಣ್ಣಲ್ಲಿ ನೀರು ನೋಡಿ ನನಗೆ ಏನಾಯಿತೋ. "ಅತ್ತೆ, ನಮ್ಮ ತಾತ ಒಂದು ಪುಡಿ ಕೊಡ್ತಿದ್ರು, ಮೈ ಇಳಿಯತ್ತೆ" ಅಂದುಬಿಟ್ಟೆ.

ಅಷ್ಟರಲ್ಲಾಗಲೇ ತಾತ ತೀರಿಕೊಂಡಿದ್ದರು. ಪುಡಿ ನನಗೆ ಬಾಯಿಪಾಠ. ಒಣಶುಂಠಿ, ಮೆಣಸು, ಹಿಪ್ಪಲಿ ಸಮಸಮ. ಹುರಿದ ಮೆಂತ್ಯ, ಜೀರಿಗೆ ಅದರ ಎರಡರಷ್ಟು. ಬೀಜ ತೆಗೆದ ಅಳಲೆಕಾಯಿ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಜೇನಿನಲ್ಲಿ ಕಲಸಿ ನೆಕ್ಕಿ, ಮೇಲೆ ಬಿಸಿನೀರು ಕುಡಿಯಬೇಕು. ರಾತ್ರಿ ಅನ್ನದ ಬದಲು ಹುರುಳಿ ಬೇಯಿಸಿದ ಕಟ್ಟು. ಎಲ್ಲ ನೆನಪಿತ್ತು. ಪ್ರಶ್ನೆಯೂ ನೆನಪಿತ್ತು. ಆದರೆ ಆರು ತಿಂಗಳ ಸೊಸೆ ಅತ್ತೆಯ ಎದುರು ನಿಂತು ಬಚ್ಚಲಿನ ಇರುವೆ ವಿಚಾರ ಕೇಳುವುದು ಹೇಗೆ? ಕೇಳಲಿಲ್ಲ. ನನ್ನವರು ಪುಡಿ ಕುಟ್ಟುವ ಸದ್ದು ಕೇಳಿ, "ಇರಲಾರದೆ ಇರುವೆ ಬಿಟ್ಕೊಳ್ತಿದೀಯ ನೋಡು" ಎಂದು ರೇಗಿಸಿದರು. ಆಗ ನಕ್ಕಿದ್ದೆ.

ತೂಕ ನೋಡಬೇಕೆಂಬ ಹುಚ್ಚು ಅತ್ತೆಗೇ ಬಂತು. ಅಮಾವಾಸ್ಯೆ ಸಂಜೆ ಮಂಡಿಯಲ್ಲಿ ತಕ್ಕಡಿಗೆ ಪೂಜೆ ಮಾಡಿ ಬಾಗಿಲು ಹಾಕಿದ ಮೇಲೆ, ಮೂಟೆ ತೂಗುವ ದೊಡ್ಡ ತಕ್ಕಡಿಯಲ್ಲಿ ತಮ್ಮನ್ನು ತೂಗಬೇಕಂತೆ. ಮಾವ ಬೆಚ್ಚಿಬಿದ್ದರು. "ತಕ್ಕಡಿ ಅಂದ್ರೆ ಲಕ್ಷ್ಮಿ ಕಣೆ, ಅದರ ಮೇಲೆ ಕಾಲಿಡ್ತಾರಾ?" ಅತ್ತೆ ಅದಕ್ಕೂ ದಾರಿ ಹುಡುಕಿದರು. ಕಾಲಿಡದೆ, ಹಿಂದಿನಿಂದ ಕೂತು, ಪಾದ ತಟ್ಟೆಗೆ ತಾಗದ ಹಾಗೆ ಆಚೆ ಚಾಚಿಕೊಂಡರು. ತುಲಾಭಾರಕ್ಕೆ ಕೂತ ಹಾಗೆ ಗಂಭೀರವಾಗಿ ಹಗ್ಗ ಹಿಡಿದರು. ನನ್ನವರು ಮುಖ ತಿರುಗಿಸಿ ನಕ್ಕರು. ಮಾವ ಎದುರಿನ ತಟ್ಟೆಗೆ ಒಂದೊಂದೇ ತೂಕದ ಬಟ್ಟು ಹಾಕಿದರು. ಏಳೂವರೆ ಮಣ. ಆಗಿನ ನಮ್ಮ ಮಣ ಎಂದರೆ ಈಗಿನ ಹನ್ನೊಂದು ಕಿಲೋ ಹತ್ತಿರ.

ಮುಂದಿನ ಅಮಾವಾಸ್ಯೆಗೆ ಏಳು ಮಣ. ಅದರ ಮುಂದಿನದಕ್ಕೆ ಆರೂವರೆ. ಮಾವ ಬಟ್ಟು ತೆಗೆದು ಕೆಳಗಿಟ್ಟಾಗಲೆಲ್ಲ ಅತ್ತೆ ನನ್ನ ಕಡೆ ನೋಡುತ್ತಿದ್ದರು. ಕೇರಿಯ ಹೆಂಗಸರು ಬಂದು ಪುಡಿ ಕೇಳಿದರು. ಎನ್.ಆರ್. ಕಾಲೋನಿಯಿಂದ ಅತ್ತೆಯ ತಂಗಿ ಬಂದಾಗ, "ನಮ್ಮ ಹುಡುಗಿ ಕೈಗುಣ ಕಣೇ" ಎಂದು ಅತ್ತೆ ಎಲ್ಲರೆದುರು ಹೇಳಿದರು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ, ನಮ್ಮನೆಯಲ್ಲಿ ಸೊಸೆಯ ಪುಡಿಯೇ ಮದ್ದಾಗಿತ್ತು. ಸುಳ್ಳು ಯಾಕೆ ಹೇಳಲಿ, ನಾನು ಅಟ್ಟಕ್ಕೇರಿದ್ದೆ.

ಅತ್ತೆಗೆ ಬಾಯಾರಿಕೆ ಹೆಚ್ಚಿತು. ಹಿತ್ತಾಳೆ ಚೊಂಬು ಪಕ್ಕದಲ್ಲೇ ಇರಬೇಕು. "ಪುಡಿ ಉಷ್ಣ ಅತ್ತೆ, ಅದಕ್ಕೆ" ಅಂದೆ. ರಾತ್ರಿ ನಾಲ್ಕು ಸಲ ಏಳುತ್ತಿದ್ದರು. ನೀರು ಜಾಸ್ತಿ ಕುಡಿದರೆ ಇನ್ನೇನು ಅಂದೆ. ಮಧ್ಯಾಹ್ನ ಸುಸ್ತಾಗಿ ಮಲಗಿಬಿಡುತ್ತಿದ್ದರು. ಅನ್ನ ಕಡಿಮೆ ಮಾಡಿದ್ದಕ್ಕೆ ಅಂದೆ. ಜೇನು ಇನ್ನಷ್ಟು ಹಾಕು ಅಂದರೆ ಇನ್ನಷ್ಟು ಹಾಕಿದೆ. ಅವರು ಕೇಳಿದ್ದಕ್ಕೆಲ್ಲ ನನ್ನ ಹತ್ತಿರ ಉತ್ತರವಿತ್ತು, ಪ್ರತಿಯೊಂದೂ ತಾತನ ಅಂಗಡಿಯದೇ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ನಾಲ್ಕನೆಯ ಅಮಾವಾಸ್ಯೆಗೆ ಆರು ಮಣವೂ ಇರಲಿಲ್ಲ. ಅದರ ನಂತರದ ಸೋಮವಾರ ಬೆಳಿಗ್ಗೆ ಅತ್ತೆ ಗೋಡೆ ಹಿಡಿದು, ಮೆಲ್ಲಗೆ ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಮಡಿಸಿ ಕೆಂಪು ಗಾರೆ ನೆಲದ ಮೇಲೆ ಕೂತರು. ಸ್ಟೂಲು ಮೂಲೆಯಲ್ಲಿತ್ತು. ಅಂಗೈಯ ಲಿಂಗ ನೋಡುತ್ತ ಅತ್ತುಬಿಟ್ಟರು. ಪೂಜೆ ಮುಗಿಸಿ ನನ್ನ ತಲೆ ಮೇಲೆ ಕೈಯಿಟ್ಟು, "ನೀನು ನನ್ನ ಹೊಟ್ಟೇಲಿ ಹುಟ್ಬೇಕಿತ್ತು ಮಗಳೇ" ಅಂದರು. ನನಗೂ ಅಳು ಬಂತು.

ಅದೇ ದಿನ ಮಧ್ಯಾಹ್ನ ಬಚ್ಚಲಿನ ತೂಬಿನ ಹತ್ತಿರ ಇರುವೆ ಕಂಡೆ.

ಜೇನಿನ ಬಟ್ಟಲು ಅಲ್ಲೇ ತೊಳೆಯುತ್ತೇನಲ್ಲ, ಅದಕ್ಕೇ ಬಂದಿವೆ ಎಂದುಕೊಂಡು ಒಂದು ತಂಬಿಗೆ ನೀರು ಹುಯ್ದೆ. ಮರುದಿನದಿಂದ ಬಟ್ಟಲನ್ನು ಹಿತ್ತಲಿನ ನಲ್ಲಿಯಲ್ಲಿ ತೊಳೆಯತೊಡಗಿದೆ. ಆದರೂ ಬಂದವು. ಮತ್ತೆ ನೀರು ಹುಯ್ದೆ. ತಾತನ ದನಿ ಕಿವಿಯಲ್ಲಿ ಕೂಗುತ್ತಿತ್ತು. ಹೇಳಿದರೆ ಪುಡಿ ನಿಲ್ಲುತ್ತದೆ, ಮಗಳೇ ಅಂದ ಬಾಯಿ ಏನೆನ್ನುತ್ತದೋ ಗೊತ್ತಿಲ್ಲ. ಹೇಳದಿದ್ದರೆ? ಬಾಯಲ್ಲಿ ಬಿಸಿತುಪ್ಪ. ಅತ್ತೆ ದಿನವೂ ನೆಲದ ಮೇಲೆ ಕೂರುತ್ತಿದ್ದರು, ನಾನು ದಿನವೂ ಜೇನು ಕಲಸುತ್ತಿದ್ದೆ. ಒಂದು ಸಲ ಇದು ಕಾಯಿಲೆಯೇ ಅನ್ನಿಸುತ್ತಿತ್ತು, ಇನ್ನೊಂದು ಸಲ ಕಾಯಿಲೆಯಾದರೆ ಇಷ್ಟು ಸಂತೋಷವಾಗಿರುತ್ತಾರಾ ಅನ್ನಿಸುತ್ತಿತ್ತು. ತಲೆ ಕೆಟ್ಟು ಹೋಗಿತ್ತು.

ಅತ್ತೆ ಹೊಸಿಲು ಎಡವಿ ಕಾಲಿನ ಹೆಬ್ಬೆರಳಿಗೆ ಗಾಯ ಮಾಡಿಕೊಂಡದ್ದೂ ಆ ದಿನಗಳಲ್ಲೇ. ಅರಿಶಿನ ಹಚ್ಚಿ ಬಟ್ಟೆ ಕಟ್ಟಿದೆ. ಹತ್ತು ದಿನವಾದರೂ ಮಾಗಲಿಲ್ಲ. ಒಂದು ಬೆಳಿಗ್ಗೆ ಬಟ್ಟೆ ಬಿಚ್ಚಿದರೆ ಬೆರಳು ಕಪ್ಪಗಾಗುತ್ತಿತ್ತು.

ಆ ದಿನ ಜೇನು ಕಲಸಲಿಲ್ಲ. ಬಿಸಿನೀರಿನ ಲೋಟ ಮಾತ್ರ ತಂದಿಟ್ಟೆ.

"ಪುಡಿ ಎಲ್ಲಮ್ಮ?" ಅಂದರು ಅತ್ತೆ.

"ಅತ್ತೆ, ನೀವು ಹೋಗಿ ಬಂದ ಮೇಲೆ ಬಚ್ಚಲಿಗೆ ಇರುವೆ ಮುತ್ತತ್ತಾ?"

ಅವರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. "ನೀನೂ ನೋಡಿದ್ಯಾ?" ಅಂದರು. "ಎರಡು ತಿಂಗಳಾಯ್ತು. ಕರಗಿದ ಕೊಬ್ಬು ಹೊರಗೆ ಹೋಗ್ತಿದೆ, ಅದಕ್ಕೆ ಇರುವೆ ಬರ್ತಿದೆ ಅಂದ್ಕೊಂಡೆ. ಖುಷಿಯಾಯ್ತು ನಂಗೆ. ನಿನಗೆ ಗೊತ್ತಾದ್ರೆ ಹೆದರ್ಕೊಂಡು ನಿಲ್ಲಿಸ್ಬಿಡ್ತೀಯ, ನಾಲ್ಕು ಜನ ನಿನ್ನ ಪುಡೀಗೆ ಹೆಸರಿಡ್ತಾರೆ ಅಂತ ನಾನೇ ನೀರು ಹುಯ್ದು ಬರ್ತಿದ್ದೆ."

ಒಂದೇ ಬಚ್ಚಲಿಗೆ ಅತ್ತೆ ಸೊಸೆ ಇಬ್ಬರೂ ಕದ್ದು ನೀರು ಹುಯ್ಯುತ್ತಿದ್ದೆವು. ಅವರು ಹುಯ್ದು ಉಳಿದವನ್ನು ನಾನು ನೋಡಿದ್ದೆ, ಅಷ್ಟೇ. ನಾನು ಅವರ ಕಾಲು ಹಿಡಿದುಕೊಂಡು ತಾತನ ಪ್ರಶ್ನೆಯ ವಿಷಯವನ್ನೆಲ್ಲ ಹೇಳಿದೆ.

"ನಿಂಗೆ ಗೊತ್ತಾಗಿ ಎಷ್ಟು ದಿನವಾಯ್ತು?"

"ಹದಿನೈದು ದಿನ."

ಅತ್ತೆ ಮೂಲೆಯಲ್ಲಿದ್ದ ಸ್ಟೂಲಿನ ಕಡೆ ನೋಡಿದರು. "ಅವತ್ತೇ ಹೇಳಿದ್ರೆ ಅವತ್ತೇ ಪುಡಿ ನಿಲ್ತಿತ್ತು. ಹದಿನೈದು ದಿನ ಕೆಳಗೆ ಕೂತ್ಕೊಂಡೆನಲ್ಲ, ಬಿಡು" ಅಂದರು. ಕ್ಷಮಿಸಿದರೋ ಚುಚ್ಚಿದರೋ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಕೇಳುವ ಧೈರ್ಯ ನನಗೆ ಯಾವತ್ತೂ ಬರಲಿಲ್ಲ.

ಜಟಕಾ ತರಿಸಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ನೀಲಿ ನೀರಿನಲ್ಲಿ ಮೂತ್ರ ಹಾಕಿ ಕಾಯಿಸಿದರು. ನೀಲಿ ಹೋಗಿ ಇಟ್ಟಿಗೆ ಬಣ್ಣ ಬಂತು. ಸಕ್ಕರೆ ಕಾಯಿಲೆ. ಇನ್ನೊಂದು ವಾರ ತಡವಾಗಿದ್ದರೆ ಕಾಲು ತೆಗೆಯಬೇಕಿತ್ತು, ಜೀವಕ್ಕೂ ಭರವಸೆ ಇರಲಿಲ್ಲ ಅಂದರು. ನಾನು ಪುಡಿಯ ಪೊಟ್ಟಣ ಮುಂದಿಟ್ಟು ತಪ್ಪೊಪ್ಪಿಕೊಂಡೆ. ಡಾಕ್ಟರು ಮೂಸಿ ನೋಡಿದರು. "ಇದರಿಂದ ಕಾಯಿಲೆ ಬಂದಿಲ್ಲಮ್ಮ. ಆದ್ರೆ ಇಷ್ಟೊಂದು ಇಳಿಸಿದ್ದು ಕಾಯಿಲೆ, ಪುಡಿಯಲ್ಲ. ಜೇನು ಮುಟ್ಟಿಸ್ಬೇಡಿ. ಮೆಂತ್ಯ ಬೇಕಾದ್ರೆ ಅಡುಗೇಲಿ ಇರಲಿ, ಒಳ್ಳೇದೇ."

ಹಾಗಾದರೆ ಮೊದಲ ತಿಂಗಳು ಇಳಿದ ಅರ್ಧ ಮಣ ಯಾರದು? ನನ್ನದೋ, ಕಾಯಿಲೆಯದೋ? ಕರಗಿಸಿದ್ದು ತಪ್ಪಾದರೆ ಮೆಂತ್ಯ ಒಳ್ಳೆಯದು ಹೇಗೆ? ಡಾಕ್ಟರಿಗೆ ಬೇರೆ ರೋಗಿಗಳಿದ್ದರು. ತಾತ ಇದ್ದಿದ್ದರೆ ಕೇಳುತ್ತಿದ್ದೆ. ಪುಡಿ ತೆಗೆದುಕೊಂಡು ಹೋಗಿದ್ದ ಕೇರಿಯ ಹೆಂಗಸರ ಮನೆಗಳಿಗೆ ಆ ಸಂಜೆಯೇ ಹೋಗಿ, ಬಾಗಿಲಲ್ಲೇ ನಿಂತು ಒಬ್ಬೊಬ್ಬರಿಗೂ ತಾತನ ಪ್ರಶ್ನೆ ಕೇಳಿಬಂದೆ. ಒಬ್ಬರು ಬಾಗಿಲು ಹಾಕಿಕೊಂಡರು. ನನಗೆ ನಾಚಿಕೆಯೇ ಆಗಲಿಲ್ಲ.

ದಿನಕ್ಕೊಂದು ಇನ್ಸುಲಿನ್ ಇಂಜೆಕ್ಷನ್. ಸೂಜಿ ಕುದಿಸಿ ಚುಚ್ಚುವುದನ್ನು ಡಾಕ್ಟರು ನನಗೇ ಕಲಿಸಿದರು. ಅತ್ತೆ ಬೇರೆ ಯಾರನ್ನೂ ಹತ್ತಿರ ಬಿಡಲಿಲ್ಲ. ಹೆಬ್ಬೆರಳು ಉಳಿಯಿತು. ಬಾಯಾರಿಕೆ ಹೋಯಿತು, ದನಿ ಮರಳಿತು, ಸಾರಿನ ಉಪ್ಪಿನ ಮಾತೂ ಮರಳಿತು. ಜೊತೆಗೆ ಮೈಯೂ ತುಂಬತೊಡಗಿತು; ಕಾಯಿಲೆ ಹಿಡಿತಕ್ಕೆ ಬಂದ ಗುರುತು ಅದು ಅಂದರು ಡಾಕ್ಟರು. ಮೂರು ತಿಂಗಳಾಗುವಷ್ಟರಲ್ಲಿ ಒಂದು ಬೆಳಿಗ್ಗೆ ಅತ್ತೆ ನೆಲಕ್ಕೆ ಕೂರಲು ಹೋಗಿ, ಅರ್ಧಕ್ಕೇ ನಿಂತು, ಗೋಡೆ ಹಿಡಿದುಕೊಂಡರು. ನನ್ನ ಕಡೆ ತಿರುಗಿ, "ಆ ಸ್ಟೂಲ್ ತಗೊಂಬಾಮ್ಮ" ಅಂದರು. ತಂದಿಟ್ಟೆ. ಅವರ ಮುಖ ನೋಡಲಾಗಲಿಲ್ಲ.

ಆ ಅಮಾವಾಸ್ಯೆಗೆ ಮಂಡಿಗೆ ಹೋಗೋಣ ಎಂದು ಹಟ ಹಿಡಿದವರೂ ಅವರೇ. ಶುರು ಮಾಡಿದ್ದನ್ನ ಮುಗಿಸಬೇಕಂತೆ. ಮತ್ತೆ ಹಿಂದಿನಿಂದ ಕೂತು, ಪಾದ ಆಚೆ ಚಾಚಿ, ಹಗ್ಗ ಹಿಡಿದರು. ಮಾವ ಆರು ಮಣದ ಬಟ್ಟು ಹಾಕಿದರು. ಅತ್ತೆಯ ತಟ್ಟೆ ಏಳಲಿಲ್ಲ. ಇನ್ನೊಂದು ಅರ್ಧ ಮಣ ಹಾಕಿದರು. ಆಗಲೂ ಏಳಲಿಲ್ಲ. ಅತ್ತೆ ತಲೆ ತಗ್ಗಿಸಿ ಕೂತಿದ್ದರು. ಅವರನ್ನು ಇಳಿಸಲೆಂದೇ ಪುಡಿ ಕುಟ್ಟಿದವಳು ನಾನು. ಮಾವ ಬಗ್ಗಿ ಇನ್ನೊಂದು ಬಟ್ಟು ಎತ್ತಿಕೊಂಡಾಗ, ಅಲ್ಲೇ ಬೇಳೆ ಮೂಟೆಗೆ ಒರಗಿ ಜೋರಾಗಿ ಅಳತೊಡಗಿದೆ. ನನ್ನವರು ಗಾಬರಿಯಾಗಿ ಏನಾಯಿತು ಏನಾಯಿತು ಎಂದು ಕೇಳಿದರು. "ಹಾಕಿ ಮಾವ, ಇನ್ನೂ ಹಾಕಿ" ಎಂದಷ್ಟೇ ನನ್ನ ಬಾಯಿಗೆ ಬಂತು.