ನಾನು ಕಿತ್ತ ಎರಡು ದಾರ

ಅಕ್ಕನ ಎದೆಯಲ್ಲಿ ಗಂಟು ಕಾಣಿಸಿಕೊಂಡಾಗ ಭಾವ ತೀರಿಕೊಂಡು ಎರಡು ವರ್ಷವಾಗಿತ್ತು. ಮಿರ್ಲೆಯಲ್ಲಿ ಒಬ್ಬಳೇ ಗದ್ದೆ ನೋಡಿಕೊಂಡಿದ್ದಳು. ನಾನು ಗಾವಡಗೆರೆಯಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದೆ. ಸೊಪ್ಪು ಹದ ಮಾಡುವ ಬೆಂಕಿಮನೆ ಬ್ಯಾರನ್ನಿನಲ್ಲಿ ಸೊಪ್ಪು ಬೇಯುತ್ತಿತ್ತು. ಬೆಂಕಿಯನ್ನು ಹೆಂಡತಿಗೆ ಒಪ್ಪಿಸಿ ಅಕ್ಕನನ್ನು ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಇದು ಕ್ಯಾನ್ಸರ್, ಆದರೆ ಚಿಕ್ಕದಿರುವಾಗಲೇ ಬಂದಿದ್ದೀರಿ ಎಂದರು ಡಾಕ್ಟರು. ಮೊಲೆಯನ್ನು ಪೂರ್ತಿ ತೆಗೆಯಬೇಕಿಲ್ಲ. ಗಂಟಿನ ಸುತ್ತ ಒಂದಿಷ್ಟು ಒಳ್ಳೆಯ ಮಾಂಸ ಸೇರಿಸಿ ತೆಗೆದು, ಅಂಚು ಪರೀಕ್ಷೆ ಮಾಡಿಸುತ್ತೇವೆ. ಅಂಚು ಶುದ್ಧವಿದ್ದರೆ ಮತ್ತೆ ಕುಯ್ಯುವ ಮಾತಿಲ್ಲ, ರೇಡಿಯೇಷನ್ ಎಂಬ ಕರೆಂಟು ಕೊಟ್ಟರೆ ಮುಗಿಯಿತು. ಅಕ್ಕ ಆ ಮಾತನ್ನೇ ಹಿಡಿದುಕೊಂಡಳು.

"ಒಂದ್ಸಲ ಕುಯ್ಯಿಸ್ಕತೀನಿ ಕಣ್ಲಾ. ಇನ್ನೊಂದ್ಸಲ ಅಂದ್ರೆ ನಾ ಬರಾಕಿಲ್ಲ. ಸೂಜಿ ಕಂಡ್ರೆ ಉಣಸೇಮರ ಅತ್ತಿ ಕೂರ್ತಿದ್ದೋನು, ನನ್ ಕಾಯಕ್ ಬಂದವ್ನೆ ನೋಡು" ಎಂದು ನಕ್ಕಳು.

ಆಪರೇಷನ್ ಮುಗಿದ ಮೇಲೆ ನರ್ಸಮ್ಮ ಒಂದು ಬಾಟಲಿಯನ್ನೂ ಚೀಟಿಯನ್ನೂ ನನ್ನ ಕೈಗಿಟ್ಟರು. ಎರಡು ಬೀದಿ ಆಚೆಯ ಲ್ಯಾಬಿಗೆ ಕೊಡಬೇಕು, ಮುಚ್ಚಳ ತೆಗೆಯಬಾರದು ಎಂದರು. ಆಗೆಲ್ಲ ರೋಗಿಯ ಕಡೆಯವರೇ ಹೊತ್ತುಕೊಂಡು ಹೋಗಬೇಕಿತ್ತು.

ದಾರಿಯಲ್ಲಿ ಬಾಟಲಿ ಎತ್ತಿ ನೋಡಿದೆ. ಔಷಧಿ ನೀರಿನಲ್ಲಿ ಅಕ್ಕನ ಮೈಯ ತುಂಡು. ಅದಕ್ಕೆ ಎರಡು ಕಪ್ಪು ದಾರ ಕಟ್ಟಿತ್ತು. ಒಂದು ಉದ್ದ, ಒಂದು ಗಿಡ್ಡ. ನಮ್ಮಲ್ಲಿ ಹೆಣವನ್ನು ಗುಂಡಿಗಿಳಿಸುವ ಮೊದಲು ಉಡಿದಾರ, ಕಾಲಿನ ಹೆಬ್ಬೆರಳು ಕಟ್ಟಿದ ದಾರ ಎಲ್ಲವನ್ನೂ ಕಿತ್ತು ಹಾಕುತ್ತೇವೆ. ಕಟ್ಟು ಉಳಿದರೆ ಹೋದದ್ದು ಇದ್ದವರನ್ನೂ ಎಳೆಯುತ್ತದೆ ಎನ್ನುತ್ತಾರೆ. ಅಪ್ಪನಿಗೆ ನಾನೇ ಕಿತ್ತಿದ್ದೆ. ಸತ್ತ ಈ ತುಂಡು ಕಟ್ಟಿನೊಡನೆ ಹೋದರೆ ಅಕ್ಕನನ್ನೂ ಎಳೆದೀತು ಎನಿಸಿತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಅದಕ್ಕಿಂತ ಹೆಚ್ಚು ಯೋಚಿಸಲಿಲ್ಲ. ಬೀಡಿ ಅಂಗಡಿಯಲ್ಲಿ ಬ್ಲೇಡು ಕೊಂಡೆ. ಕಾಂಪೌಂಡಿನ ಮರೆಯಲ್ಲಿ ಕೂತು ಮುಚ್ಚಳ ತೆಗೆದು, ಎರಡೂ ದಾರ ಕುಯ್ದು ಮೋರಿಗೆ ಎಸೆದೆ.

ಲ್ಯಾಬಿನವರು ಚೀಟಿ ಓದಿ ಬಾಟಲಿಯನ್ನು ತಿರುಗಿಸಿ ನೋಡಿದರು.

"ದಾರ ಹಾಕಿದೀನಿ ಅಂತ ಬರೆದಿದಾರಲ್ಲ, ಎಲ್ಲಿ? ಯಾವುದು ಮೇಲ್ಗಡೆ, ಯಾವುದು ಪಕ್ಕ ಅಂತ ಗೊತ್ತಾಗೋದೇ ಅದರಿಂದ ಕಣಪ್ಪ."

ಉದ್ದದ್ದು ಎಲ್ಲಿತ್ತು, ಗಿಡ್ಡದ್ದು ಎಲ್ಲಿತ್ತು ಎಂದು ಆ ಗಳಿಗೆಯಲ್ಲಿ ನನಗೆ ಇನ್ನೂ ನೆನಪಿತ್ತು. ಬೆರಳಿಟ್ಟು ತೋರಿಸಬಹುದಿತ್ತು. ಮುಚ್ಚಳ ಯಾಕೆ ತೆಗೆದೆ ಎಂದು ಬೈದಾರೆಂಬ ಹೆದರಿಕೆಗೆ ನಾಲಿಗೆ ಹೊರಳಿತು.

"ಇರ್ನಿಲ್ಲ ಸಾ. ಕೊಟ್ಟಂಗೇ ತಂದಿವ್ನಿ."

ರಿಪೋರ್ಟು ಬಂತು. ಒಂದು ಕಡೆ ಅಂಚಿನವರೆಗೂ ರೋಗವಿತ್ತು. ಯಾವ ಕಡೆಯೆಂದು ಗೊತ್ತಾಗಿದ್ದರೆ ಅಲ್ಲಿ ಮಾತ್ರ ಒಂದಿಷ್ಟು ತೆಗೆಯಬಹುದಿತ್ತು, ಈಗ ಪೂರ್ತಿ ತೆಗೆಯುವುದೇ ಕ್ಷೇಮ ಎಂದರು ಡಾಕ್ಟರು. ತಾನೇ ಕೈಯಾರೆ ದಾರ ಹಾಕಿದ್ದೆ ಎಂದು ಎರಡು ಸಲ ಹೇಳಿದರು. ಅಕ್ಕ ನನ್ನ ಮುಖ ನೋಡಿದಳು. ದಾರ ಇರಲಿಲ್ಲವೆಂದು ನಾನು ತಲೆಯಾಡಿಸಿದೆ.

"ನನ್ ತಮ್ಮ ಸುಳ್ಳೇಳಾಕಿಲ್ಲ ಕಣ್ರೀ" ಎಂದಳು.

ಬರುವುದಿಲ್ಲ ಎಂದವಳನ್ನು ಅತ್ತು ಕರೆದು ಒಪ್ಪಿಸಿದವನೂ ನಾನೇ. ಮೊಲೆ ಹೋಯಿತು. ಆಮೇಲೆ ಅಕ್ಕ ರವಿಕೆಯೊಳಗೆ ಹಳೇ ಬಟ್ಟೆಯ ಉಂಡೆ ಇಟ್ಟುಕೊಳ್ಳುತ್ತಿದ್ದಳು. ಗದ್ದೆಯಲ್ಲಿ ಬಗ್ಗಿದಾಗ ಅದು ಜಾರುತ್ತಿತ್ತು. ಮೂರು ತಿಂಗಳಿಗೊಮ್ಮೆ ತೋರಿಸಿ ಎಂದಿದ್ದರು. ಒಮ್ಮೆಯೂ ಹೋಗಲಿಲ್ಲ. ಕರೆದಾಗಲೆಲ್ಲ, ದಾರ ಕಟ್ಟೋಕೆ ಮರೆತೋನ ಕೈಗೆ ಇನ್ನೇನು ಕೊಡಲಿ ಎನ್ನುತ್ತಿದ್ದಳು. ಆ ಡಾಕ್ಟರು ಮರೆತಿರಲಿಲ್ಲ ಎಂದು ಹೇಳಬೇಕಾದ ನಾನು ಪಕ್ಕದಲ್ಲೇ ಕೂತು ಮುದ್ದೆ ಮುರಿಯುತ್ತಿದ್ದೆ.

ನಾಲ್ಕು ವರ್ಷದ ಮೇಲೆ ಬೆನ್ನುನೋವು ಎಂದಳು. ಗದ್ದೆ ಕೆಲಸದ ನೋವು ಎಂದುಕೊಂಡೆವು. ತೋರಿಸುವ ಹೊತ್ತಿಗೆ ರೋಗ ಮೂಳೆಗೆ ಇಳಿದಿತ್ತು. ಅವಳು ಹಾಸಿಗೆ ಹಿಡಿದ ಮೇಲೂ ನಾನು ಹೇಳಲಿಲ್ಲ. ಹೇಳಿ ನನ್ನ ಭಾರ ಇಳಿಸಿಕೊಂಡು ಅವಳ ಮೇಲೆ ಹಾಕುವುದೇ ಎಂದುಕೊಂಡೆ. ಅದೂ ಒಂದು ನೆಪ.

ಅಕ್ಕ ಹೋದ ಮಾರನೇ ವರ್ಷ, ಡಾಕ್ಟರಿಗಾದರೂ ನಿಜ ಹೇಳಿಬಿಡೋಣವೆಂದು ಮೈಸೂರಿಗೆ ಹೋದೆ. ನನ್ನ ತಲೆ ಬೆಳ್ಳಗಾಗಿತ್ತು, ಆದರೂ ಅವರು ಗುರುತು ಹಿಡಿದರು. ಕೂರಿಸಿ, ಅಕ್ಕ ಹೇಗಿದ್ದಾರೆ ಎಂದು ಮೊದಲು ಕೇಳಿದರು. ಅವರ ಕಣ್ಣಲ್ಲಿ ಎಂಥದೋ ಆಸೆಯಿತ್ತು.

"ಚೆನ್ನಾಗವ್ಳೆ ಸಾ" ಎಂದುಬಿಟ್ಟೆ.

ಅವರ ಮುಖ ಅರಳಿತು. ಆ ದಾರದ ವಿಷಯ ಇವತ್ತಿಗೂ ಕೊರೆಯುತ್ತದೆ, ಒಂದು ಸಲ ಕರೆದುಕೊಂಡು ಬನ್ನಿ, ಕ್ಷಮೆ ಕೇಳಬೇಕು ಎಂದರು. ಹೂಂ ಎಂದು ಎದ್ದು ಬಂದೆ.